ಒಂದೇ ಸಲಕ್ಕೆ ಕ್ಯಾನ್ಸಲ್ ಮಾಡೋಕೆ ಹೋದ್ರೆ ಅರ್ಧ ಟಾಸ್ಕ್ ಯಾಕೆ ಉಳ್ಕೊಳ್ಳುತ್ತೆ

ತೊಂದರೆ ಏನು ಅಂತ ಮೊದ್ಲೇ ಹೇಳ್ಬಿಡ್ತೀನಿ. ಮ್ಯಾಕ್‌ನಲ್ಲಿ ಥಿಂಗ್ಸ್ ಅನ್ನೋ ಟಾಸ್ಕ್ ಮ್ಯಾನೇಜರ್ ಇದೆ, ಅದಕ್ಕೆ ಆಪಲ್‌ಸ್ಕ್ರಿಪ್ಟ್ (ಮ್ಯಾಕ್ ಆ್ಯಪ್‌ಗಳಿಗೆ ಕೆಲ್ಸ ಹೇಳೋ ಭಾಷೆ) ಬರ್ದು ಒಂದು ಪ್ರಾಜೆಕ್ಟ್‌ನಲ್ಲಿರೋ ಓಪನ್ ಟಾಸ್ಕ್ ಎಲ್ಲಾನೂ ಒಟ್ಟಿಗೆ ಕ್ಯಾನ್ಸಲ್ ಮಾಡೋಕೆ ಹೋಗ್ತೀರಿ, ಸ್ಕ್ರಿಪ್ಟ್ ಓಡುತ್ತೆ, ಮುಗೀತು ಅಂದ್ಕೊಂಡು ಲ್ಯಾಪ್‌ಟಾಪ್ ಮುಚ್ಚಿಡ್ತೀರಿ, ಆಮೇಲೆ ನೋಡಿದ್ರೆ ಅರ್ಧ ಹೋಗಿದೆ, ಅರ್ಧ ಹಾಗೇ ಕೂತಿದೆ. ಅದೂ ಒಂದು ಬಿಟ್ಟು ಒಂದು. ಇದು ನಂಗೆ ಆಗಿದೆ, ಆದ್ದರಿಂದ ತೋಟದಲ್ಲಿ ಒಂದು ಬೆಳಗ್ಗೆ ಕೆಲ್ಸನೂ ಹಾಳಾಗಿದೆ, ಅದಕ್ಕೇ ಕೂತು ಪೂರ್ತಿ ಬರೀತಾ ಇದ್ದೀನಿ.

ನಮ್ದು ಕೊಡಗಿನ ಅಮ್ಮತ್ತಿ ಕಡೆ ರೋಬಸ್ಟಾ ಕಾಫಿ ತೋಟ, ಅಣ್ಣ ತೋಟ ನೋಡ್ಕೊಳ್ತಾನೆ, ಲೆಕ್ಕ ಮತ್ತೆ ಕೆಲ್ಸದ ಪಟ್ಟಿ ನಂದು. ಫೆಬ್ರವರಿ ಮಾರ್ಚ್‌ನಲ್ಲಿ ಕಾಫಿ ಹೂ ಬಿಡಿಸೋ ಹೂ ಮಳೆ ಬರುತ್ತೋ ಇಲ್ವೋ ಅಂತ ಕಾಯೋ ಟೈಮು ಹೆಂಗಿರುತ್ತೆ ಅಂತ ಕೊಡಗಿನವ್ರಿಗೆ ಹೇಳ್ಬೇಕಿಲ್ಲ. ಮಳೆ ಬರ್ದಿದ್ರೆ ಸ್ಪ್ರಿಂಕ್ಲರ್ ಹಾಕ್ಲೇಬೇಕು, ಕೆರೆಯಲ್ಲಿರೋ ನೀರು ಅಷ್ಟೇ, ಡೀಸೆಲ್ ಖರ್ಚು ಬೇರೆ, ಹಾಗಾಗಿ ಯಾವ ದಿನ ಯಾವ ಬ್ಲಾಕು, ಪೈಪ್ ಎಲ್ಲಿಂದ ಎಲ್ಲಿಗೆ ಶಿಫ್ಟು, ಎಲ್ಲಾ ಮುಂಚೇನೇ ಬರ್ದಿಡ್ತೀನಿ. 18 ಬ್ಲಾಕಿಗೆ 18 ಟಾಸ್ಕು. ರಾತ್ರಿ ಒಂದು ಇಂಚು ಮಳೆ ಬಿತ್ತು ಅಂದ್ರೆ ಆ 18ಕ್ಕೂ ಅರ್ಥವೇ ಇಲ್ಲ, ಯಾಕಂದ್ರೆ ಒಂದು ಎಕರೆಗೆ ಒಂದು ಇಂಚು ಮಳೆ ಅಂದ್ರೆ ಹೆಚ್ಚು ಕಮ್ಮಿ 1 ಲಕ್ಷ ಲೀಟರ್ ನೀರು, ಅಷ್ಟನ್ನ ಆಕಾಶವೇ ಕೊಟ್ಟ ಮೇಲೆ ಪಂಪ್ ಸ್ಟಾರ್ಟ್ ಮಾಡೋದು ಯಾತಕ್ಕೆ.

ಆ ರಾತ್ರಿ ಬಿದ್ದಿದ್ದು 1 ಇಂಚು 20 ಸೆಂಟು (ಇಂಚಿನ ನೂರನೇ ಒಂದು ಭಾಗಕ್ಕೆ ಇಲ್ಲಿ ಸೆಂಟು ಅಂತೀವಿ). ಬೆಳಗ್ಗೆ ಐದೂವರೆಗೆ ಮಳೆ ಅಳೆದ ಅಣ್ಣ ಅಡುಗೆಮನೆ ಬಾಗಿಲಲ್ಲೇ ನಿಂತು "ಎಲ್ಲಾ ಕ್ಯಾನ್ಸಲ್ ಮಾಡು" ಅಂದ, ನಾನು ಸ್ಕ್ರಿಪ್ಟ್ ಓಡಿಸ್ದೆ, ಕಾಫಿ ಕುಡ್ಯೋಕೆ ಹೋದೆ. ಎಂಟೂವರೆಗೆ ನೋಡಿದ್ರೆ ಕೆರೆ ಕಡೆಯಿಂದ ಪಂಪಿನ ಸೌಂಡು. ಓಡಿ ಹೋಗಿ ಕೇಳಿದ್ರೆ ಮೇಸ್ತ್ರಿ ಹೇಳ್ತಾರೆ, "ಅಣ್ಣ ಫೋನಲ್ಲಿ ತೋರಿಸಿದ ಪಟ್ಟಿಯಲ್ಲಿ 2, 4, 6 ಎಲ್ಲಾ ಉಳ್ದಿತ್ತಲ್ಲ, ಆ ಬ್ಲಾಕಿಗೆ ಮಳೆ ಸಾಲ್ಲಿಲ್ಲ ಅಂತ ನೀವೇ ಬಿಟ್ಟಿದ್ದು ಅಂದ್ಕೊಂಡೆ." ಅವ್ರು ಹಂಗೆ ಅಂದ್ಕೊಂಡಿದ್ರಲ್ಲಿ ತಪ್ಪೇನೂ ಇಲ್ಲ, ಇಲ್ಲಿ ಒಂದು ತೋಟಕ್ಕೆ ಬಿದ್ದ ಮಳೆ ರಸ್ತೆ ಆಚೆ ತೋಟಕ್ಕೆ ಬಿದ್ದಿರಲ್ಲ, ಒಂದೇ ತೋಟದಲ್ಲೂ ಮೇಲಿನ ಬ್ಲಾಕಿಗೂ ಕೆಳಗಿನ ಬ್ಲಾಕಿಗೂ ವ್ಯತ್ಯಾಸ ಇರುತ್ತೆ. ತಪ್ಪು ಸ್ಕ್ರಿಪ್ಟಿಂದು. ಆ ಸ್ಕ್ರಿಪ್ಟ್ ಬರ್ದಿದ್ದು ನಾನು.

ಮೊದ್ಲು ಸ್ಕ್ರಿಪ್ಟ್ ಬಿಟ್ಟು ಕೈಯಲ್ಲಿ ಮಾಡಿ ನೋಡಿ

ಏನೇ ದೋಷ ಇರ್ಲಿ, ಹುಡುಕೋಕೆ ಮುಂಚೆ ಒಂದು ಕೆಲ್ಸ ಮಾಡಿ. ಪ್ರಾಜೆಕ್ಟ್ ತೆಗೀರಿ, ಕಮಾಂಡ್ ಎ ಒತ್ತಿ ಎಲ್ಲಾ ಸೆಲೆಕ್ಟ್ ಮಾಡಿ, ಆಮೇಲೆ ಆಪ್ಷನ್ ಕಮಾಂಡ್ ಕೆ. ಅಷ್ಟೇ, ಸೆಲೆಕ್ಟ್ ಆದದ್ದೆಲ್ಲಾ ಕ್ಯಾನ್ಸಲ್. ಬರೀ ಕಮಾಂಡ್ ಕೆ ಒತ್ತಿದ್ರೆ ಕಂಪ್ಲೀಟ್ ಆಗಿಬಿಡುತ್ತೆ, ಅದು ಬೇರೆ, ಆಪ್ಷನ್ ಕೀ ಮರೀಬೇಡಿ. ಒಂದೇ ಒಂದು ಟಾಸ್ಕ್ ಆದ್ರೆ ಆಪ್ಷನ್ ಹಿಡ್ಕೊಂಡು ಚೆಕ್‌ಬಾಕ್ಸ್ ಕ್ಲಿಕ್ ಮಾಡಿದ್ರೂ ಸಾಕು, ಟಿಕ್ ಬದ್ಲು ಕ್ರಾಸ್ ಗುರುತು ಬರುತ್ತೆ. ಕೈಯಲ್ಲಿ ಮಾಡಿದಾಗ ಎಲ್ಲಾ ಸರಿಯಾಗಿ ಹೋದ್ರೆ ಆ್ಯಪ್ ಸರಿ ಇದೆ, ನಿಮ್ಮ ಡೇಟಾ ಸರಿ ಇದೆ, ಹುಡುಕ್ಬೇಕಾಗಿರೋದು ಸ್ಕ್ರಿಪ್ಟ್ ಒಳಗೆ ಮಾತ್ರ. ವರ್ಷಕ್ಕೆ ಎರಡು ಸಲ ಮಾತ್ರ ಇಂಥ ಕೆಲ್ಸ ಬರೋದಾದ್ರೆ ನಂಗೆ ಕೇಳಿದ್ರೆ ಸ್ಕ್ರಿಪ್ಟೇ ಬೇಡ, ಇದೇ ಸಾಕು. ನಮ್ಗೆ ಫೆಬ್ರವರಿಯಿಂದ ಏಪ್ರಿಲ್ ತನಕ ಮೂರ್ನಾಲ್ಕು ಸಲ, ಮತ್ತೆ ಮಳೆಗಾಲಕ್ಕೆ ಮುಂಚೆ ಗಿಡಕ್ಕೆ ಬೋರ್ಡೋ ಔಷಧಿ ಹೊಡೆಯೋ ಟೈಮಲ್ಲಿ ಮಳೆ ಬಂದ್ರೆ ಆಗ್ಲೂ ಬೇಕು, ಅದಕ್ಕೆ ಸ್ಕ್ರಿಪ್ಟ್ ಇಟ್ಕೊಂಡಿದ್ದೀನಿ.

ಡಿಲೀಟ್ ಯಾಕೆ ಮಾಡಲ್ಲ ಅಂತ ಕೇಳ್ತಾರೆ. ಡಿಲೀಟ್ ಮಾಡಿದ್ದು ಟ್ರ್ಯಾಶಿಗೆ ಹೋಗುತ್ತೆ, ಟ್ರ್ಯಾಶ್ ಖಾಲಿ ಮಾಡಿದ ದಿನ ಗುರುತೇ ಇರಲ್ಲ. ಕಂಪ್ಲೀಟ್ ಮಾಡಿದ್ರೆ ಆ ಬ್ಲಾಕಿಗೆ ನೀರು ಹಾಕಿದ್ದೀವಿ ಅಂತ ಆಗುತ್ತೆ, ಅದು ಸುಳ್ಳು ಲೆಕ್ಕ. ಕ್ಯಾನ್ಸಲ್ ಮಾಡಿದ್ರೆ ಲಾಗ್‌ಬುಕ್‌ನಲ್ಲಿ (ಥಿಂಗ್ಸಲ್ಲಿ ಮುಗ್ದಿದ್ದು ಸೇರೋ ಪಟ್ಟಿ) ಡೇಟ್ ಸಮೇತ ಕೂತಿರುತ್ತೆ, ಮುಂದಿನ ವರ್ಷ "ಹೋದ್ಸಲ ಯಾವತ್ತು ಹೂ ಮಳೆ ಬಂದಿದ್ದು, ಅದಕ್ಕೆ ಮುಂಚೆ ಎಷ್ಟು ಬ್ಲಾಕಿಗೆ ನೀರು ಹಾಕಿದ್ವಿ" ಅಂತ ಅಣ್ಣ ಕೇಳಿದಾಗ ಅದೇ ಉತ್ತರ. ತೋಟದ ಡೈರಿ ಬರ್ಯೋರಿಗೆ ಇದರ ಬೆಲೆ ಗೊತ್ತು.

ಒಂದು ಬಿಟ್ಟು ಒಂದು ಉಳಿಯೋದು

ನನ್ನ ಸ್ಕ್ರಿಪ್ಟ್ ಕೆಲವೇ ಸಾಲು ಇತ್ತು. ಸ್ಕ್ರಿಪ್ಟ್ ಎಡಿಟರಲ್ಲಿ ಕಮಾಂಡ್ ಎಲ್ಲಾ ಇಂಗ್ಲಿಷ್ ಅಕ್ಷರದಲ್ಲೇ ಟೈಪ್ ಮಾಡ್ಬೇಕು, ಇಲ್ಲಿ ಓದೋಕೆ ಆಗ್ಲಿ ಅಂತ ಕನ್ನಡದಲ್ಲಿ ಹೇಳ್ತೀನಿ. ಟೆಲ್ ಅಪ್ಲಿಕೇಶನ್ ಥಿಂಗ್ಸ್3 ಅಂತ ಶುರು, ಒಳಗೆ ರಿಪೀಟ್ ವಿತ್ ಟಿ ಇನ್ ಟು ಡೂಸ್ ಆಫ್ ಪ್ರಾಜೆಕ್ಟ್ ಇಂಥದ್ದು ಹೂಸ್ ಸ್ಟೇಟಸ್ ಈಸ್ ಓಪನ್, ಅದರ ಒಳಗೆ ಸೆಟ್ ಸ್ಟೇಟಸ್ ಆಫ್ ಟಿ ಟು ಕ್ಯಾನ್ಸಲ್ಡ್, ಆಮೇಲೆ ಎಂಡ್ ರಿಪೀಟ್, ಎಂಡ್ ಟೆಲ್. ನೋಡೋಕೆ ಏನೂ ತಪ್ಪಿಲ್ಲ. ಯಾರಿಗೆ ತೋರಿಸಿದ್ರೂ ಸರಿ ಇದೆ ಅಂತಾರೆ.

ತಪ್ಪು ಎಲ್ಲಿದೆ ಅಂದ್ರೆ, ಆಪಲ್‌ಸ್ಕ್ರಿಪ್ಟ್ ಆ ಪಟ್ಟಿಯನ್ನ ಮೊದ್ಲೇ ತಂದು ಕೈಯಲ್ಲಿ ಇಟ್ಕೊಳ್ಳಲ್ಲ. ಶುರುವಲ್ಲಿ ಎಷ್ಟಿದೆ ಅಂತ ಎಣಿಸ್ಕೊಳ್ಳುತ್ತೆ, 18. ಆಮೇಲೆ ಒಂದೊಂದು ಸುತ್ತಲ್ಲೂ ಆ್ಯಪ್ ಹತ್ರ ಹೋಗಿ "ಓಪನ್ ಇರೋದ್ರಲ್ಲಿ 1ನೇದು ಕೊಡು", "2ನೇದು ಕೊಡು", "3ನೇದು ಕೊಡು" ಅಂತ ಕೇಳುತ್ತೆ. ಈಗ ಬೆರಳು ಇಟ್ಟು ನೋಡಿ. ಮೊದಲ ಸುತ್ತಲ್ಲಿ 1ನೇ ಬ್ಲಾಕ್ ಸಿಗುತ್ತೆ, ಕ್ಯಾನ್ಸಲ್ ಆಗುತ್ತೆ. ಕ್ಯಾನ್ಸಲ್ ಆದ ತಕ್ಷಣ ಅದು ಓಪನ್ ಅಲ್ಲ, ಪಟ್ಟಿಯಿಂದ ಹೊರಗೆ. ಈಗ ಪಟ್ಟಿಯಲ್ಲಿ ಮೊದಲನೇ ಜಾಗಕ್ಕೆ ಬಂದಿರೋದು 2ನೇ ಬ್ಲಾಕ್, ಎರಡನೇ ಜಾಗದಲ್ಲಿ 3ನೇ ಬ್ಲಾಕ್. ಸ್ಕ್ರಿಪ್ಟ್ ಎರಡನೇ ಸುತ್ತಲ್ಲಿ ಕೇಳೋದು ಎರಡನೇದು, ಸಿಗೋದು 3ನೇ ಬ್ಲಾಕ್. 2ನೇ ಬ್ಲಾಕ್ ಸದ್ದಿಲ್ದೆ ತಪ್ಪಿಸ್ಕೊಂಡ್ತು. ಮೂರನೇ ಸುತ್ತಲ್ಲಿ 5, ನಾಲ್ಕನೇದ್ರಲ್ಲಿ 7. ಒಂಬತ್ತು ಸುತ್ತಿಗೆ 17ನೇ ಬ್ಲಾಕ್ ತನಕ ಬೆಸಸಂಖ್ಯೆ ಎಲ್ಲಾ ಹೋಗಿರುತ್ತೆ, ಪಟ್ಟಿಯಲ್ಲಿ ಉಳ್ದಿರೋದು 9. ಹತ್ತನೇ ಸುತ್ತಲ್ಲಿ "10ನೇದು ಕೊಡು" ಅಂದ್ರೆ ಎಲ್ಲಿಂದ ಕೊಡೋದು, ಇರೋದೇ ಒಂಬತ್ತು. ಅಲ್ಲಿ ಎರರ್ ಬರುತ್ತೆ, -1719 ಇಲ್ಲ ಅಂದ್ರೆ -1728. ಎರಡಕ್ಕೂ ಅರ್ಥ ಒಂದೇ ತರ, ನೀವು ಕೇಳಿದ್ದು ಇಲ್ಲಿ ಇಲ್ಲ ಅಂತ.

ಕೊಯ್ಲಿಗೆ ಸಾಲು ಹಿಡಿದು ನಿಂತವ್ರನ್ನ ಯೋಚ್ನೆ ಮಾಡಿ, ಒಬ್ರನ್ನ ಬೇರೆ ಕೆಲ್ಸಕ್ಕೆ ಕಳಿಸಿದ ತಕ್ಷಣ ಉಳಿದವ್ರೆಲ್ಲಾ ಒಂದೊಂದು ಹೆಜ್ಜೆ ಮುಂದೆ ಬಂದ್ರೆ ಸಾಲಿನ ನಂಬರ್ ಹಿಡಿದು ಕರೆಯೋಕೆ ಆಗುತ್ತಾ? ಹೆಸರು ಹಿಡಿದೇ ಕರೀಬೇಕು. ಸ್ಕ್ರಿಪ್ಟಿಗೂ ಅದೇ.

ಹಾಗಾದ್ರೆ ಎರರ್ ನಂಗೆ ಯಾಕೆ ಕಾಣ್ಲಿಲ್ಲ? ಯಾಕಂದ್ರೆ ನಾನು ಒಳಗಿನ ಸಾಲನ್ನ ಟ್ರೈ, ಎಂಡ್ ಟ್ರೈ ಮಧ್ಯ ಹಾಕಿದ್ದೆ, ಒಂದು ಟಾಸ್ಕಿಗೆ ತೊಂದ್ರೆ ಆದ್ರೂ ಉಳಿದದ್ದು ನಿಲ್ಲದೆ ಓಡ್ಲಿ ಅಂತ. ಒಳ್ಳೇ ಉದ್ದೇಶಕ್ಕೆ ಹಾಕಿದ ಆ ಟ್ರೈ, 10ರಿಂದ 18ರ ತನಕ ಒಂಬತ್ತು ಎರರನ್ನೂ ನುಂಗಿಬಿಡ್ತು. ಆದ್ದರಿಂದ ದೋಷ ಹುಡುಕುವಾಗ ಮಾಡ್ಬೇಕಾದ ಮೊದಲ ಕೆಲ್ಸ, ಟ್ರೈ ಎಂಡ್ ಟ್ರೈ ಎರಡೂ ಸಾಲು ತೆಗ್ದು ಸ್ಕ್ರಿಪ್ಟ್ ಓಡ್ಸೋದು. ಎರರ್ ಎದುರಿಗೆ ಬರ್ಲಿ, ಅದು ಬಂದ್ರೇನೇ ಗೊತ್ತಾಗೋದು.

ಇನ್ನೊಂದು, ಅರ್ಧ ಉಳೀತು ಅಂತ ಅದೇ ಸ್ಕ್ರಿಪ್ಟನ್ನ ಮತ್ತೆ ಮತ್ತೆ ಒತ್ತೋದು. ಒತ್ತಿದ್ರೆ ಕಮ್ಮಿ ಆಗ್ತಾ ಹೋಗುತ್ತೆ ನಿಜ, 18 ಇದ್ದದ್ದು 9, ಮತ್ತೆ ಒತ್ತಿದ್ರೆ 4, ಆಮೇಲೆ 2, ಆಮೇಲೆ 1, ಐದನೇ ಸಲಕ್ಕೆ ಖಾಲಿ. ಈ ಲೆಕ್ಕನೇ ದೋಷದ ಗುರುತು. ಪ್ರತಿ ಸಲ ಹೆಚ್ಚು ಕಮ್ಮಿ ಅರ್ಧಕ್ಕೆ ಇಳೀತಾ ಇದ್ರೆ ಬೇರೆ ಎಲ್ಲೂ ಹುಡುಕ್ಬೇಡಿ, ಪಟ್ಟಿ ಜಾರ್ತಾ ಇದೆ ಅಂತಾನೇ ಅರ್ಥ. ಆದ್ರೆ ಇದನ್ನೇ ಪರಿಹಾರ ಅಂತ ಇಟ್ಕೊಳ್ಬೇಡಿ ದಯವಿಟ್ಟು, ಅರ್ಜೆಂಟಲ್ಲಿ ನಾಲ್ಕು ಸಲ ಒತ್ತಿ ಸಾಕು ಅಂತ ಎದ್ದು ಹೋದ್ರೆ 16ನೇ ಬ್ಲಾಕ್ ಒಂದು ಉಳ್ದಿರುತ್ತೆ, ಆ ಒಂದಕ್ಕೇ ಆಳು ಹೋಗಿ ಪೈಪ್ ಶಿಫ್ಟ್ ಮಾಡಿರ್ತಾರೆ.

ಹೂಸ್ ಸ್ಟೇಟಸ್ ಈಸ್ ಓಪನ್ ಅನ್ನೋ ಭಾಗ ಇಲ್ದೆ ಟುಡೇ ಲಿಸ್ಟ್ ಮೇಲೆ ಓಡಿಸೋರಿಗೆ ಇದೇ ದೋಷ ಇನ್ನೊಂದು ವೇಷದಲ್ಲಿ ಬರುತ್ತೆ. ಥಿಂಗ್ಸ್ ಸೆಟ್ಟಿಂಗ್ಸಲ್ಲಿ, ಮುಗ್ದಿದ್ದನ್ನ ಲಾಗ್‌ಬುಕ್‌ಗೆ ಯಾವಾಗ ಸರಿಸ್ಬೇಕು ಅಂತ ಒಂದು ಆಯ್ಕೆ ಇದೆ, ತಕ್ಷಣ, ದಿನಕ್ಕೊಂದ್ಸಲ, ಇಲ್ಲ ನಾವೇ ಹೇಳಿದಾಗ. ದಿನಕ್ಕೊಂದ್ಸಲ ಅಂತ ಇದ್ರೆ ಕ್ಯಾನ್ಸಲ್ ಆದದ್ದು ಆ ದಿನ ಲಿಸ್ಟಲ್ಲೇ ಇರುತ್ತೆ, ಸಾಲು ಜಾರಲ್ಲ, ಸ್ಕ್ರಿಪ್ಟ್ ಸರಿಯಾಗಿ ಓಡುತ್ತೆ. ತಕ್ಷಣ ಅಂತ ಇಟ್ರೆ ಅದೇ ಸ್ಕ್ರಿಪ್ಟ್ ಅರ್ಧ ಬಿಡುತ್ತೆ. ಒಂದು ಮ್ಯಾಕಲ್ಲಿ ಸರಿ ಇರೋದು ಇನ್ನೊಂದ್ರಲ್ಲಿ ಯಾಕೆ ಸರಿ ಇಲ್ಲ ಅಂತ ತಲೆ ಕೆಡಿಸ್ಕೊಳ್ಳೋಕೆ ಮುಂಚೆ ಈ ಸೆಟ್ಟಿಂಗ್ ಎರಡ್ರಲ್ಲೂ ನೋಡ್ಕೊಳ್ಳಿ.

ಸರಿ ಮಾಡೋದು ಹೇಗೆ

ಮೂರು ದಾರಿ ಇದೆ, ನಾನು ಮೂರನ್ನೂ ಓಡಿಸಿ ನೋಡಿದ್ದೀನಿ.

ಸುಲಭದ್ದು, ಪಟ್ಟಿ ಕೇಳೋ ಜಾಗದಲ್ಲಿ ಗೆಟ್ ಅನ್ನೋ ಪದ ಸೇರ್ಸೋದು. ರಿಪೀಟ್ ವಿತ್ ಟಿ ಇನ್, ಆಮೇಲೆ ಬ್ರ್ಯಾಕೆಟ್ ತೆಗೆದು ಗೆಟ್ ಟು ಡೂಸ್ ಆಫ್ ಪ್ರಾಜೆಕ್ಟ್, ಹೀಗೆ. ಗೆಟ್ ಹಾಕಿದ್ರೆ ಪಟ್ಟಿ ಪೂರ್ತಿ ಒಂದೇ ಸಲ ಬರುತ್ತೆ, ಆಮೇಲೆ ಆ್ಯಪ್ ಒಳಗೆ ಏನೇ ಜಾರಿದ್ರೂ ನಿಮ್ಮ ಕೈಲಿರೋ ಪಟ್ಟಿ ಜಾರಲ್ಲ. ಬರೀ ಬ್ರ್ಯಾಕೆಟ್ ಹಾಕಿ ಗೆಟ್ ಬಿಟ್ರೆ ಆಗಲ್ಲ, ನಾನು ಮೊದ್ಲು ಹಂಗೇ ಮಾಡಿ ಅರ್ಧ ಗಂಟೆ ಕಳ್ದೆ.

ಎರಡನೇದು, ಹಿಂದಿನಿಂದ ಮುಂದಕ್ಕೆ ಬರೋದು. ಎಣಿಸಿ, 18ರಿಂದ 1ಕ್ಕೆ ಇಳೀತಾ ಬನ್ನಿ, ರಿಪೀಟ್ ವಿತ್ ಐ ಫ್ರಮ್ ಎನ್ ಟು 1 ಬೈ -1. ಕೊನೇದು ಹೋದ್ರೆ ಮುಂದಿನವು ಜಾಗ ಬದಲಾಯಿಸಲ್ಲ.

ಮೂರನೇದೇ ನಂಗೆ ಇಷ್ಟ, ಈಗ ಅದನ್ನೇ ಇಟ್ಕೊಂಡಿದ್ದೀನಿ. ಥಿಂಗ್ಸಲ್ಲಿ ಪ್ರತಿ ಟಾಸ್ಕಿಗೂ ಒಂದು ಐಡಿ ಇರುತ್ತೆ, ಅದು ಬದಲಾಗಲ್ಲ. ಮೊದ್ಲು ಸೆಟ್ ಐಡಿಪಟ್ಟಿ ಟು ಐಡಿ ಆಫ್ ಟು ಡೂಸ್ ಆಫ್ ಪ್ರಾಜೆಕ್ಟ್ ಇಂಥದ್ದು ಹೂಸ್ ಸ್ಟೇಟಸ್ ಈಸ್ ಓಪನ್ ಅಂತ ಐಡಿಗಳನ್ನ ಮಾತ್ರ ತಗೊಂಡು, ಎಷ್ಟಿದೆ ಅಂತ ಡಿಸ್‌ಪ್ಲೇ ಡೈಲಾಗ್‌ನಲ್ಲಿ ತೋರ್ಸಿ, "18 ಇದೆ, ಮಾಡ್ಲಾ" ಅಂತ ಕೇಳಿ, ಓಕೆ ಒತ್ತಿದ ಮೇಲೆ ಒಂದೊಂದು ಐಡಿಗೂ ಸೆಟ್ ಸ್ಟೇಟಸ್ ಆಫ್ ಟು ಡೂ ಐಡಿ ಇಂಥದ್ದು ಟು ಕ್ಯಾನ್ಸಲ್ಡ್ ಅಂತ ಮಾಡೋದು. ಕೊನೆಗೆ ಮತ್ತೆ ಎಣಿಸಿ, ಸೊನ್ನೆ ಬಂದಿಲ್ಲ ಅಂದ್ರೆ ಉಳಿದದ್ದರ ಹೆಸರು ತೋರ್ಸೋದು. ಟ್ರೈ ಹಾಕೋದಾದ್ರೆ ಆನ್ ಎರರ್ ಅಂತ ಬರ್ದು ಯಾವ ಟಾಸ್ಕಿಗೆ ಯಾವ ನಂಬರ್ ಎರರ್ ಬಂತು ಅಂತ ಒಂದು ಪಟ್ಟಿಗೆ ಸೇರಿಸ್ಕೊಳ್ಳಿ, ಸುಮ್ನೆ ನುಂಗೋಕೆ ಬಿಡ್ಬೇಡಿ. ಮುಂಚೆ ಎಣಿಸಿ ಆಮೇಲೂ ಎಣಿಸೋ ಈ ಎರಡು ಸಾಲು ಅವತ್ತು ಇದ್ದಿದ್ರೆ ಪಂಪ್ ಸ್ಟಾರ್ಟೇ ಆಗ್ತಿರ್ಲಿಲ್ಲ. ಸ್ಕ್ರಿಪ್ಟ್ ಸರಿ ಮಾಡೋದಕ್ಕಿಂತ ಎಣಿಕೆ ಮುಖ್ಯ ಅಂತ ನಂಗೆ ಗಟ್ಟಿಯಾಗಿ ಅನ್ಸಿದ್ದು ಅವತ್ತೇ.

ರಿಪೀಟ್ ವೈಲ್ ಅಂತ ಹಾಕಿ, ಓಪನ್ ಇರೋ ತನಕ ಮೊದಲನೇದನ್ನ ಕ್ಯಾನ್ಸಲ್ ಮಾಡ್ತಾ ಇರು ಅಂತ ಬರೆಯೋದು ನಾಲ್ಕನೇ ದಾರಿ, ಅದು ಬೇಡ. ಯಾವುದೋ ಒಂದು ಟಾಸ್ಕ್ ಕ್ಯಾನ್ಸಲ್ ಆಗ್ದೆ ಕೂತ್ರೆ ಸ್ಕ್ರಿಪ್ಟ್ ನಿಲ್ಲೋದೇ ಇಲ್ಲ.

ಅರ್ಧ ಅಲ್ಲ, ಒಂದೂ ಹೋಗ್ತಿಲ್ಲ ಅಂದ್ರೆ

ಇದು ಬೇರೆ ದೋಷ, ಎರಡನ್ನೂ ಒಟ್ಟಿಗೆ ಬೆರೆಸ್ಬೇಡಿ.

ಮೊದಲನೇದು ಸ್ಪೆಲ್ಲಿಂಗ್. ನಾವೆಲ್ಲಾ ಶಾಲೇಲಿ ಕ್ಯಾನ್ಸಲ್ಡ್ ಅನ್ನೋದಕ್ಕೆ ಎರಡು ಎಲ್ ಹಾಕಿ ಬರೆಯೋಕೆ ಕಲ್ತವ್ರು. ಥಿಂಗ್ಸಿನ ಸ್ಕ್ರಿಪ್ಟಲ್ಲಿ ಎಲ್ ಒಂದೇ. ಎರಡು ಹಾಕಿದ್ರೆ ಕಂಪೈಲ್ ಮಾಡುವಾಗ ಏನೂ ಹೇಳಲ್ಲ, ಅದನ್ನ ಯಾವುದೋ ವೇರಿಯಬಲ್ ಹೆಸರು ಅಂತ ತಿಳ್ಕೊಳ್ಳುತ್ತೆ, ಓಡ್ಸಿದಾಗ ಮಾತ್ರ -2753, ಈ ವೇರಿಯಬಲ್ ಡಿಫೈನ್ ಆಗಿಲ್ಲ ಅಂತ ಬರುತ್ತೆ. ಸ್ಕ್ರಿಪ್ಟ್ ಎಡಿಟರಲ್ಲಿ ಬಣ್ಣ ನೋಡಿದ್ರೂ ಗೊತ್ತಾಗುತ್ತೆ, ಓಪನ್ ಅನ್ನೋ ಪದದ ಬಣ್ಣವೇ ಬೇರೆ, ಇದರ ಬಣ್ಣವೇ ಬೇರೆ ಇರುತ್ತೆ.

-1743 ಬಂದ್ರೆ ಅನುಮತಿ ಇಲ್ಲ ಅಂತ. 2018ರ ಮೊಹಾವೆಯಿಂದ ಈಚೆಗೆ ಒಂದು ಆ್ಯಪ್ ಇನ್ನೊಂದು ಆ್ಯಪನ್ನ ನಡೆಸ್ಬೇಕಂದ್ರೆ ಮ್ಯಾಕ್ ನಿಮ್ಮನ್ನ ಕೇಳುತ್ತೆ, ಆ ಕಿಟಕಿ ಬಂದಾಗ ಯಾರೋ ಬೇಡ ಅಂತ ಒತ್ತಿದ್ರೆ ಮತ್ತೆ ಕೇಳಲ್ಲ. ಸಿಸ್ಟಂ ಸೆಟ್ಟಿಂಗ್ಸ್, ಪ್ರೈವಸಿ ಅಂಡ್ ಸೆಕ್ಯುರಿಟಿ, ಆಟೊಮೇಶನ್, ಅಲ್ಲಿ ಸ್ಕ್ರಿಪ್ಟ್ ಎಡಿಟರ್ ಕೆಳಗೆ ಥಿಂಗ್ಸ್ ಸ್ವಿಚ್ ಆನ್ ಮಾಡಿ. -1712 ಅಂದ್ರೆ ಟೈಮ್‌ಔಟ್, ಎರಡು ನಿಮಿಷ ಕಾದು ಬಿಟ್ಟಿದೆ ಅಂತ, ವಿತ್ ಟೈಮ್‌ಔಟ್ ಆಫ್ 600 ಸೆಕೆಂಡ್ಸ್ ಅಂತ ಸುತ್ತ ಹಾಕಿದ್ರೆ ಸಾಕು.

ಎರರೇ ಇಲ್ಲ, ಆದ್ರೆ ಎಣಿಕೆ ಸೊನ್ನೆ ಬರ್ತಾ ಇದೆ ಅಂದ್ರೆ ನೀವು ಡೇಟ್ ಹಿಡಿದು ಹುಡುಕ್ತಾ ಇದ್ದೀರಾ ನೋಡಿ. ಆ್ಯಪಲ್ಲಿ ಟಾಸ್ಕಿಗೆ ಎರಡು ದಿನ ಇರುತ್ತೆ, ಯಾವತ್ತು ಮಾಡ್ಬೇಕು ಅನ್ನೋದು ಒಂದು, ಡೆಡ್‌ಲೈನ್ ಇನ್ನೊಂದು. ಸ್ಕ್ರಿಪ್ಟಲ್ಲಿ ಡ್ಯೂ ಡೇಟ್ ಅಂದ್ರೆ ಡೆಡ್‌ಲೈನು. ಯಾವತ್ತು ಮಾಡ್ಬೇಕು ಅನ್ನೋದಕ್ಕೆ ಆ್ಯಕ್ಟಿವೇಶನ್ ಡೇಟ್ ಅಂತ ಹೆಸರು. ನಮ್ಮ ಸ್ಪ್ರಿಂಕ್ಲರ್ ಟಾಸ್ಕಿಗೆ ಡೆಡ್‌ಲೈನೇ ಹಾಕಿರಲ್ಲ, ಅದು ಮಿಸ್ಸಿಂಗ್ ವ್ಯಾಲ್ಯೂ, ಅಂದ್ರೆ ಖಾಲಿ, ಆಗಿರುತ್ತೆ, ಡ್ಯೂ ಡೇಟ್ ಹಿಡಿದು ಹುಡುಕಿದ್ರೆ ಒಂದೂ ಸಿಗೋದಿಲ್ಲ.

ಕನ್ನಡದಲ್ಲಿ ಹೆಸರು ಇಡೋರಿಗೆ ಒಂದು ಮಾತು, ಇದನ್ನ ನಾನು ಎರಡು ದಿನ ಹುಡುಕಿದ್ದು. ಪ್ರಾಜೆಕ್ಟ್ ಹೆಸರು ಸ್ಪ್ರಿಂಕ್ಲರ್ ಅಂತ ಅಣ್ಣ ಫೋನಲ್ಲಿ ಕನ್ನಡದಲ್ಲೇ ಟೈಪ್ ಮಾಡಿದ್ದ, ನಾನು ಸ್ಕ್ರಿಪ್ಟಲ್ಲಿ ಅದೇ ಹೆಸರು ಟೈಪ್ ಮಾಡ್ದೆ, ಅಂಥ ಪ್ರಾಜೆಕ್ಟೇ ಇಲ್ಲ ಅಂತ -1728. ಕಣ್ಣಿಗೆ ಎರಡೂ ಒಂದೇ. ಆಮೇಲೆ ಐಡಿ ಆಫ್ ಆ ಹೆಸರು ಅಂತ ಕೇಳಿದಾಗ ಅಕ್ಷರಗಳ ಕೋಡ್ ನಂಬರ್ ಸಾಲಾಗಿ ಬಂತು, ಒಂದ್ರ ಕೊನೇಲಿ 8204 ಅಂತ ಒಂದು ಜಾಸ್ತಿ ಇದೆ. ಅದು ಕಣ್ಣಿಗೆ ಕಾಣದ ಅಕ್ಷರ, ಅರ್ಧಾಕ್ಷರ ಮುಂದಿನದ್ರ ಜೊತೆ ಒತ್ತಾಗಿ ಸೇರ್ದೆ ಇರ್ಲಿ ಅಂತ ಕೆಲವು ಕೀಬೋರ್ಡ್ ಹಾಕೋದು. ರ್, ಕ್, ಲ್ ಅಂತ ಮುಗಿಯೋ ಪದಗಳ ಕೊನೇಲಿ ಅದು ಸೇರ್ಕೊಂಡ್ರೆ ನೋಡೋಕೆ ಏನೂ ವ್ಯತ್ಯಾಸ ಇಲ್ಲ, ಹೋಲಿಸುವಾಗ ಬೇರೆ ಬೇರೆ ಆಗ್ಬಹುದು. ಕನ್ನಡದಲ್ಲಿ ಬರೆಯೋದು ಬಿಡಿ ಅಂತ ನಾನು ಯಾವತ್ತೂ ಹೇಳಲ್ಲ, ನಮ್ಮ ಮೇಸ್ತ್ರಿ ಓದೋದು ಕನ್ನಡವೇ, ಪಟ್ಟಿ ಅವ್ರಿಗಾಗಿ ಇರೋದು. ಸ್ಕ್ರಿಪ್ಟ್ ಒಳಗೆ ಹೆಸರು ಟೈಪ್ ಮಾಡೋ ಬದ್ಲು ಆ್ಯಪಿಂದ ಹೆಸರು ಕಾಪಿ ಮಾಡಿ ಪೇಸ್ಟ್ ಮಾಡಿ, ಇಲ್ಲ ಪ್ರಾಜೆಕ್ಟಿನ ಐಡಿಯನ್ನೇ ಬಳ್ಸಿ.

ಹೋಯ್ತು, ಆದ್ರೆ ಮತ್ತೆ ಬಂತು

ರಿಪೀಟ್ ಟಾಸ್ಕ್ ಇದ್ರೆ ಹೀಗಾಗುತ್ತೆ. ದಿನಾ ಬೆಳಗ್ಗೆ ಪಂಪ್ ಆಯಿಲ್ ಚೆಕ್ ಮಾಡೋದು ಅಂತ ನಂದು ಒಂದಿದೆ. ಇವತ್ತಿಂದನ್ನ ಕ್ಯಾನ್ಸಲ್ ಮಾಡಿದ್ರೆ ಇವತ್ತಿಂದು ಮಾತ್ರ ಹೋಗುತ್ತೆ, ಅದರ ಮೂಲ ಹಾಗೇ ಇರುತ್ತೆ, ನಾಳೆ ಮತ್ತೊಂದು ಹುಟ್ಟುತ್ತೆ. ಅದು ದೋಷ ಅಲ್ಲ. ಸೀಸನ್ ಮುಗ್ದಿದ್ರೆ ಮೂಲದ ಹತ್ರ ಹೋಗಿ ರಿಪೀಟನ್ನ ಪಾಜ್ ಮಾಡಿ, ಅಂದ್ರೆ ತಾತ್ಕಾಲಿಕವಾಗಿ ನಿಲ್ಸಿ. ಆಪಲ್‌ಸ್ಕ್ರಿಪ್ಟ್ ಬದ್ಲು ಥಿಂಗ್ಸಿನ ಯುಆರ್‌ಎಲ್ (ಲಿಂಕ್ ರೂಪದ ಕಮಾಂಡ್) ಮೂಲಕ ಮಾಡೋರಿಗೆ ಇನ್ನೂ ಎರಡು ವಿಷ್ಯ ಇದೆ. ರಿಪೀಟ್ ಟಾಸ್ಕಿನ ಕ್ಯಾನ್ಸಲ್ ಸ್ಥಿತಿ ಆ ದಾರಿಯಲ್ಲಿ ಬದಲಾಗಲ್ಲ, ಮತ್ತೆ ಪೂರ್ತಿ ಪ್ರಾಜೆಕ್ಟನ್ನೇ ಕ್ಯಾನ್ಸಲ್ ಮಾಡೋಕೆ ಹೋದ್ರೆ ಒಳಗಿನ ಟಾಸ್ಕ್ ಎಲ್ಲಾ ಮುಗ್ದಿರ್ಬೇಕು ಇಲ್ಲ ಕ್ಯಾನ್ಸಲ್ ಆಗಿರ್ಬೇಕು, ಹೆಡಿಂಗ್‌ಗಳು ಆರ್ಕೈವ್ ಆಗಿರ್ಬೇಕು, ಆಗ ಮಾತ್ರ ಒಪ್ಪುತ್ತೆ. ಅಪ್‌ಡೇಟ್ ಮಾಡೋಕೆ ಸೆಟ್ಟಿಂಗ್ಸಲ್ಲಿ ಸಿಗೋ ಟೋಕನ್ ಕೂಡ ಕೊಡ್ಬೇಕು. ಆಪಲ್‌ಸ್ಕ್ರಿಪ್ಟಿಗೆ ಟೋಕನ್ ಬೇಡ.

ಇನ್ನು ಮ್ಯಾಕಲ್ಲಿ ಎಲ್ಲಾ ಹೋಗಿದೆ, ಫೋನಲ್ಲಿ ಎಲ್ಲಾ ಇದೆ ಅಂದ್ರೆ ಸ್ಕ್ರಿಪ್ಟನ್ನ ಮುಟ್ಬೇಡಿ. ಮಳೆ ಬಿದ್ದ ರಾತ್ರಿ ಕರೆಂಟ್ ಹೋಗಿರುತ್ತೆ, ಟವರ್ ಹೋಗಿರುತ್ತೆ, ವೈಫೈ ಇರಲ್ಲ, ಮ್ಯಾಕಿನ ಬದಲಾವಣೆ ಕ್ಲೌಡಿಗೇ ಹೋಗಿರಲ್ಲ, ಫೋನ್ ಹಳೇ ಪಟ್ಟಿ ತೋರಿಸ್ತಾ ಇರುತ್ತೆ. ಅಂಥ ದಿನ ನಾನೀಗ ಪಟ್ಟಿ ನಂಬ್ಕೊಂಡು ಕೂರೋದಿಲ್ಲ, ಆಳುಗಳು ಲೈನ್ ಮನೆಯಿಂದ (ತೋಟದಲ್ಲೇ ಅವ್ರಿರೋ ಸಾಲು ಮನೆ) ಹೊರಡೋಕೆ ಮುಂಚೆ ನಡ್ಕೊಂಡು ಹೋಗಿ ಮೇಸ್ತ್ರಿಗೆ ಬಾಯಲ್ಲೇ ಹೇಳಿ ಬರ್ತೀನಿ.

ತಪ್ಪಾಗಿ ಜಾಸ್ತಿ ಹೋದ್ರೆ

ಉಲ್ಟಾನೂ ಆಗುತ್ತೆ. ಸರಿ ಮಾಡಿದ ಸ್ಕ್ರಿಪ್ಟನ್ನ ಮುಂದಿನ ಮಳೆಗೆ ಓಡಿಸಿದಾಗ 18ಕ್ಕೆ 18 ಹೋಯ್ತು, ಎಣಿಕೆ ಸೊನ್ನೆ ಬಂತು. ಒಂಬತ್ತು ಗಂಟೆಗೆ ಅಣ್ಣ ಫೋನ್ ಮಾಡಿ "11ನೇ ಬ್ಲಾಕ್ ಕಡೆ ನೆಲ ಒಣಗೇ ಇದೆ, ಅಲ್ಲಿ 20 ಸೆಂಟೂ ಬಿದ್ದಿಲ್ಲ, ಅದು ಬೇಕು" ಅಂದ. ಕ್ಯಾನ್ಸಲ್ ಆದ ಪ್ರತಿ ಟಾಸ್ಕಿಗೂ ಕ್ಯಾನ್ಸಲೇಶನ್ ಡೇಟ್ ಅಂತ ಒಂದು ದಾಖಲೆ ಇರುತ್ತೆ, ಟೈಮ್ ಸಮೇತ, ಪೂರ್ತಿ ಬ್ಯಾಚ್ ವಾಪಸ್ ಬೇಕಂದ್ರೆ ಅದನ್ನ ಹಿಡಿದು ಲಾಗ್‌ಬುಕ್‌ನಲ್ಲಿ ಹುಡುಕಿ ಸ್ಟೇಟಸ್ ಮತ್ತೆ ಓಪನ್ ಮಾಡ್ಬಹುದು. ಆಗ್ಲೂ ಮೊದ್ಲು ಐಡಿ ತಗೊಂಡೇ ಮಾಡಿ, ಓಪನ್ ಆದದ್ದು ಲಾಗ್‌ಬುಕ್ಕಿಂದ ಹೊರಗೆ ಬಂದು ಸಾಲು ಮತ್ತೆ ಜಾರುತ್ತೆ, ಅದೇ ದೋಷ ಇನ್ನೊಂದು ಕಡೆಯಿಂದ ಬರುತ್ತೆ. ಲಾಗ್‌ಬುಕ್ ದೊಡ್ಡದಿದ್ರೆ ನಿಧಾನ ಆಗುತ್ತೆ, ಕಾಯಿರಿ. ನಂಗೆ ಅವತ್ತು ಬೇಕಿದ್ದಿದ್ದು ಒಂದೇ, ಲಾಗ್‌ಬುಕ್ ತೆಗ್ದೆ, 11ನೇ ಬ್ಲಾಕಿನ ಚೆಕ್‌ಬಾಕ್ಸ್ ಮೇಲೆ ಒಂದು ಕ್ಲಿಕ್ ಮಾಡ್ದೆ, ಅದು ಓಪನ್ ಆಗಿ ಪ್ರಾಜೆಕ್ಟಿಗೆ ವಾಪಸ್ ಬಂತು, ಹತ್ತು ಗಂಟೆಗೆ ಆ ಬ್ಲಾಕಿಗೆ ಸ್ಪ್ರಿಂಕ್ಲರ್ ಜೆಟ್ ಶುರುವಾಯ್ತು.